ಮುನಿಯಣ್ಣನ ವಲ್ಲಿ ಮತ್ತು ಮೂವತ್ತು ದಿನದ ನೋಟೀಸು

ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿಯಲ್ಲಿ ನಾನು ಯಶವಂತಪುರದ ರೈಲ್ವೆ ಗೂಡ್ಸ್ ಯಾರ್ಡಿನ ಹಿಂದಿದ್ದ ಒಂದು ವರ್ಕ್‌ಷಾಪಿನಲ್ಲಿ ಬೆಲ್ಟ್ ಮೇಸ್ತ್ರಿಯಾಗಿದ್ದೆ. ಈಗಿನವರಿಗೆ ಆ ಹುದ್ದೆಯ ಹೆಸರೇ ಗೊತ್ತಿರಲಾರದು. ಆಗ ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರು ಇರುತ್ತಿರಲಿಲ್ಲ. ಮೂಲೆಯಲ್ಲಿ ಹದಿನೈದು ಎಚ್.ಪಿ.ಯ ಒಂದೇ ಮೋಟಾರು. ಅದು ನಮ್ಮ ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಎಪ್ಪತ್ತು ಅಡಿ ಉದ್ದಕ್ಕೆ ಹಾದುಹೋದ ಕಬ್ಬಿಣದ ಶಾಫ್ಟನ್ನು ತಿರುಗಿಸುತ್ತಿತ್ತು. ಶಾಫ್ಟಿನಿಂದ ಚರ್ಮದ ಬೆಲ್ಟುಗಳು ಕೆಳಗಿಳಿದು ಹದಿನೆಂಟು ಯಂತ್ರಗಳನ್ನು ಓಡಿಸುತ್ತಿದ್ದವು. ಆ ಬೆಲ್ಟುಗಳನ್ನು ಹೊಲಿಯುವುದು, ರಾಳ ಹಚ್ಚುವುದು, ಶಾಫ್ಟಿಗೆ ಎಣ್ಣೆ ಬಿಡುವುದು, ಜಾರಿದ ಬೆಲ್ಟನ್ನು ಮತ್ತೆ ಏರಿಸುವುದು ನನ್ನ ಕೆಲಸ. ಜಾಲಹಳ್ಳಿಯ ಕಡೆ ಎದ್ದಿದ್ದ ದೊಡ್ಡ ಕಾರ್ಖಾನೆಗಳಿಗೆ ನಾವು ಬೋಲ್ಟು, ನಟ್ಟು, ಬುಷ್‌ಗಳನ್ನು ಮಾಡಿಕೊಡುತ್ತಿದ್ದೆವು. ನನ್ನನ್ನೂ ಸೇರಿಸಿ ನಲವತ್ತೊಂದು ಜನ ಕೆಲಸಗಾರರು.

ನನ್ನ ಊರು ಯಲಹಂಕದ ಪುಟ್ಟೇನಹಳ್ಳಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ, ಕಲಿತದ್ದೆಲ್ಲ ಕೈಯಿಂದ ಕಲಿತೆ. ಓಡುತ್ತಿರುವ ಶಾಫ್ಟಿಗೆ, ಮೋಟಾರು ನಿಲ್ಲಿಸದೆ, ಬರಿಗೈಯಲ್ಲಿ ಬೆಲ್ಟು ಏರಿಸುವವನು ಯಶವಂತಪುರದಲ್ಲಿ ನನ್ನಂಥವನು ಇನ್ನೊಬ್ಬನಿರಲಿಲ್ಲ. ಬೆಲ್ಟಿನ ಒಳಮೈಯನ್ನು ಅಂಗೈಯಿಂದ ಒತ್ತಿ ಹಿಡಿದು, ಪುಲ್ಲಿ ತಿರುಗುವ ಲಯ ನೋಡಿಕೊಂಡು, ಒಂದೇ ಏಟಿಗೆ ಎಸೆಯಬೇಕು. ಅರೆಕ್ಷಣ ತಡವಾದರೆ ಬೆರಳು ಹೋಯಿತು. ಅಕ್ಕಪಕ್ಕದ ವರ್ಕ್‌ಷಾಪಿನವರು ಟೀ ಕುಡಿಯುವ ಹೊತ್ತಿನಲ್ಲಿ ಇದನ್ನು ನೋಡಲೆಂದೇ ಬಂದು ನಿಲ್ಲುತ್ತಿದ್ದರು. ಮೋಟಾರು ನಿಲ್ಲಿಸಿ ಬೆಲ್ಟು ಹಾಕುವವನನ್ನು ನಾವು ಮೇಸ್ತ್ರಿ ಅಂತಲೇ ಕರೆಯುತ್ತಿರಲಿಲ್ಲ.

ನಮ್ಮ ಜನರೆಲ್ಲ ಸುತ್ತಲಿನ ಹಳ್ಳಿಗಳವರು. ರಾಜಾನುಕುಂಟೆಯಿಂದ ಸೈಕಲ್ ತುಳಿದುಕೊಂಡು ಬರುವವರೂ ಇದ್ದರು. ಪಂಚೆ, ಬನಿಯನ್ನು, ಹೆಗಲ ಮೇಲೆ ವಲ್ಲಿ, ಇದೇ ಉಡುಪು. ವಲ್ಲಿ ಬರೀ ಬೆವರು ಒರೆಸುವ ಬಟ್ಟೆಯಲ್ಲ. ವಯಸ್ಸಿಗೆ ಬಂದ ಗಂಡಸು ವಲ್ಲಿ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ದೊಡ್ಡವರು ಎದುರಾದರೆ ಅದನ್ನು ಹೆಗಲಿನಿಂದ ಎಳೆದು ಸೊಂಟಕ್ಕೆ ಸುತ್ತಿಕೊಳ್ಳಬೇಕು. ನಮ್ಮಲ್ಲಿ ಮರ್ಯಾದೆ ಕೊಡುವ ರೀತಿ ಅದು. ಯಜಮಾನರು ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಜರಿ ಅಂಚಿನ ಶಲ್ಯ ಹೊದ್ದು ಒಂದು ಸುತ್ತು ಬರುತ್ತಿದ್ದರು. ಅವರು ನಡೆದುಬಂದಂತೆಲ್ಲ ಎರಡೂ ಸಾಲಿನಲ್ಲಿ ವಲ್ಲಿಗಳು ಒಂದೊಂದಾಗಿ ಕೆಳಗಿಳಿಯುತ್ತಿದ್ದವು.

ಅವತ್ತೂ ಹಾಗೆಯೇ ಬಂದರು. ಎರಡನೇ ಸಾಲಿನ ಮೊದಲ ಲೇತಿನಲ್ಲಿ ಮುನಿಯಣ್ಣನಿದ್ದ. ಐವತ್ತು ದಾಟಿದವನು, ನಮ್ಮಲ್ಲೆಲ್ಲ ಹಿರಿಯ. ತಲೆ ಎತ್ತಿ ಯಜಮಾನರನ್ನು ಕಂಡವನೇ ಗಡಿಬಿಡಿಯಲ್ಲಿ ವಲ್ಲಿಯನ್ನು ಎಳೆದ. ಅದರ ತುದಿ ಬೀಸಿ ಬೆಲ್ಟಿಗೆ ತಗುಲಿತು. ಇನ್ನೊಂದು ತುದಿ ಅವನ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಬೆಲ್ಟು ಮೇಲಕ್ಕೆ ಹೋಯಿತು, ಜೊತೆಗೆ ಅವನ ಬಲಗೈಯೂ ಹೋಯಿತು. ಅವನ ಕಾಲು ನೆಲ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ಮೋಟಾರಿನ ಸ್ವಿಚ್ಚು ಇದ್ದದ್ದು ಆಚೆ ಮೂಲೆಯಲ್ಲಿ, ಮೂವತ್ತು ಹೆಜ್ಜೆ ದೂರ. ಓಡಿಹೋಗಿ ಸ್ವಿಚ್ಚು ಬೀಳಿಸಿ ತಿರುಗಿ ನೋಡುವಷ್ಟರಲ್ಲಿ ಮುನಿಯಣ್ಣ ನೆಲದ ಮೇಲೆ ಬಿದ್ದಿದ್ದ. ಅವನನ್ನು ಉಳಿಸಿದ್ದು ನಾನಲ್ಲ. ವಲ್ಲಿ ಹಳೆಯದಾಗಿತ್ತು, ಹರಿದುಹೋಯಿತು. ಕೈ ಎರಡು ಕಡೆ ಮುರಿದಿತ್ತು. ಜಟಕಾ ಮಾಡಿ ಆಸ್ಪತ್ರೆಗೆ ಸಾಗಿಸಿದೆವು.

ನಾಲ್ಕು ದಿನ ಬಿಟ್ಟು ಫ್ಯಾಕ್ಟರಿ ಇನ್ಸ್‌ಪೆಕ್ಟರು ಬಂದರು. ಅಪಘಾತವಾದರೆ ಸರ್ಕಾರಕ್ಕೆ ಒಂದು ಫಾರಂ ತುಂಬಿ ಕಳಿಸಬೇಕು. ನಮ್ಮ ಗುಮಾಸ್ತರು ಕಾರಣದ ಜಾಗದಲ್ಲಿ ‘ಕೆಲಸಗಾರನ ಅಜಾಗರೂಕತೆ’ ಎಂದು ಬರೆದಿದ್ದರು. ಇನ್ಸ್‌ಪೆಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮೆಲುಮಾತಿನವರು. ಅವರು ಶಾಫ್ಟಿನ ಕೆಳಗೆ ನಡೆದು ನೋಡುತ್ತಿದ್ದಾಗ ಮೂರನೇ ಲೇತಿನ ಬೆಲ್ಟು ಜಾರಿತು. ನಾನು ಸುಮ್ಮನಿರುತ್ತೇನೆಯೇ? ಏಣಿ ಹತ್ತಿ, ಅಂಗೈಯಿಂದ ಒತ್ತಿ, ಒಂದೇ ಏಟಿಗೆ ಏರಿಸಿ ಇಳಿದೆ. ಅವರು ನನ್ನ ಹೆಸರು ಕೇಳಿದರು. ಪಿಳ್ಳಪ್ಪ ಅಂದೆ. ಬರೆದುಕೊಂಡರು. ನಾನು ತಂದೆಯ ಹೆಸರು, ಊರು, ಹೋಬಳಿ ಎಲ್ಲವನ್ನೂ ಸೇರಿಸಿ ಹೇಳಿ, ಸರಿಯಾಗಿ ಬರೆದರೇ ಎಂದು ಬಗ್ಗಿ ನೋಡಿದೆ. ಅವತ್ತು ಮನೆಗೆ ಹೋಗಿ, ಸರ್ಕಾರದವರು ನನ್ನ ಹೆಸರು ಬರೆದುಕೊಂಡರು ಎಂದು ಹೆಂಡತಿಗೆ ಹೇಳಿದ್ದೂ ಉಂಟು.

ವಾರದಲ್ಲಿ ನೋಟೀಸು ಬಂತು. ಗುಮಾಸ್ತರು ಎಲ್ಲರನ್ನೂ ನಿಲ್ಲಿಸಿ ಕನ್ನಡದಲ್ಲಿ ಓದಿ ಹೇಳಿದರು. ಶಾಫ್ಟಿಗೂ ಬೆಲ್ಟಿಗೂ ಕಟಕಟೆ ಇಲ್ಲ, ಆಪತ್ತಿನಲ್ಲಿ ಮೋಟಾರು ನಿಲ್ಲಿಸಲು ಹತ್ತಿರದಲ್ಲಿ ಏನೂ ಇಲ್ಲ, ಕೆಲಸಗಾರರು ಸಡಿಲ ಬಟ್ಟೆಯಲ್ಲಿದ್ದಾರೆ, ಮೇಲಾಗಿ ಈ ವರ್ಕ್‌ಷಾಪಿನ ಮೇಸ್ತ್ರಿ ಪಿಳ್ಳಪ್ಪನವರೇ ಇನ್ಸ್‌ಪೆಕ್ಟರ ಕಣ್ಣೆದುರಿಗೆ ಓಡುವ ಶಾಫ್ಟಿಗೆ ಬರಿಗೈಯಲ್ಲಿ ಬೆಲ್ಟು ಹಾಕಿದರು. ಇದೆಲ್ಲ ಮೂವತ್ತು ದಿನದಲ್ಲಿ ಸರಿಯಾಗದಿದ್ದರೆ ಶಾಫ್ಟು ತಿರುಗಕೂಡದು.

ಹಿಂದಿನಿಂದ ಯಾರೋ ಅಂದರು, “ಮೇಸ್ತ್ರಿ ಎಸ್ರು ಸರ್ಕಾರದ ಕಾಗ್ದದಲ್ಲಿ ಬಂದೈತೆ, ಸಕ್ರೆ ಅಂಚ್ರಪ್ಪ.”

ಯಾರೂ ಜೋರಾಗಿ ನಗಲಿಲ್ಲ. ಯಜಮಾನರು ಮೂವತ್ತು ದಿನದಲ್ಲಿ ಆಗದಿದ್ದರೆ ಬೀಗ ಹಾಕಿ ತುಮಕೂರಿನಲ್ಲಿ ಅಣ್ಣನ ಮಂಡಿಗೆ ಸೇರಿಕೊಳ್ಳುವುದಾಗಿ ಹೇಳಿ ಒಳಗೆ ಹೋದರು. ಅವರಿಗೆ ಮಂಡಿ ಇತ್ತು. ನಮ್ಮ ನಲವತ್ತೊಂದು ಮನೆಗೆ ಶಾಫ್ಟೊಂದೇ ಇತ್ತು.

ಕಬ್ಬಿಣದ, ಮರದ ಕೆಲಸ ನನಗೆ ಕಷ್ಟವಾಗಲಿಲ್ಲ. ಹಲಗೆ, ಜಾಲರಿ ಕೂಡಿಸಿ ಪ್ರತಿ ಬೆಲ್ಟಿಗೂ ಆಳೆತ್ತರದ ಕಟಕಟೆ ಕಟ್ಟಿದೆ. ಬೆಲ್ಟನ್ನು ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಸರಿಸಲು ಕೈ ಬೇಡದ ಹಾಗೆ ಮರದ ಕವೆಗೋಲುಗಳನ್ನು ಕೂರಿಸಿದೆ. ಸ್ವಿಚ್ಚಿನ ವಿಷಯದಲ್ಲಿ ಮಾತ್ರ ಎರಡು ದಿನ ತಲೆ ಕೆಡಿಸಿಕೊಂಡೆ. ಆ ಮೂವತ್ತು ಹೆಜ್ಜೆ ಕಣ್ಣ ಮುಂದಿಂದ ಹೋಗುತ್ತಿರಲಿಲ್ಲ. ಕೊನೆಗೆ ಸ್ವಿಚ್ಚಿನ ಹಿಡಿಗೆ ಒಂದು ಕಬ್ಬಿಣದ ಗುಂಡು ತೂಗುಹಾಕಿ, ಅದು ಬೀಳದಂತೆ ಒಂದು ಗೊಣಸಿನ ಕೊಕ್ಕೆಯಿಂದ ತಡೆದು, ಆ ಗೊಣಸಿಗೆ ಹಗ್ಗ ಕಟ್ಟಿ, ಹಗ್ಗವನ್ನು ರಾಟೆಗಳ ಮೇಲೆ ಎರಡೂ ಸಾಲಿನ ಉದ್ದಕ್ಕೂ ಎಳೆದೆ. ಎಲ್ಲಿ ನಿಂತು ಹಗ್ಗ ಜಗ್ಗಿದರೂ ಗುಂಡು ಬಿದ್ದು ಸ್ವಿಚ್ಚು ಕಳಚಿ ಮೋಟಾರು ನಿಲ್ಲುತ್ತದೆ. ಇಪ್ಪತ್ತನೇ ದಿನಕ್ಕೆ ಇದೆಲ್ಲ ಮುಗಿಯಿತು. ಓಡುವ ಶಾಫ್ಟಿಗೆ ಕೈ ಹಾಕುವುದನ್ನು ನಾನೂ ಬಿಟ್ಟೆ. ಅದೊಂದು ಬಿಡಲು ಕಟಕಟೆ ಕಟ್ಟಿದ್ದಕ್ಕಿಂತ ಹೆಚ್ಚು ಶ್ರಮವಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಉಳಿದದ್ದು ಬಟ್ಟೆ. ಯಜಮಾನರು ನಲವತ್ತೊಂದು ಖಾಕಿ ಚಡ್ಡಿಗೆ ಹೇಳಿ, ಮಾದರಿಗೆ ಒಂದನ್ನು ತರಿಸಿದರು. ಪರೀಕ್ಷೆಗೆ ನಾನೇ ಹಾಕಿಕೊಂಡು ಮನೆಗೆ ಹೋದೆ. ನನ್ನ ಹೆಂಡತಿ ಬಾಗಿಲಲ್ಲಿ ನೋಡಿ, “ಪೊಲೀಸ್ನೋರು ಬಂದ್ರು ಅಂತ ಕೋಳಿ ಮುಚ್ಚಿಡಕ್ಕೆ ಓಗಿದ್ದೆ,” ಅಂದಳು. ವರ್ಕ್‌ಷಾಪಿನಲ್ಲಿ ಯಾರೂ ಮುಟ್ಟಲಿಲ್ಲ. ಮೊಮ್ಮಕ್ಕಳನ್ನು ಕಂಡವರು ಚಡ್ಡಿ ಹಾಕಿ ಊರಿನ ದಾರಿಯಲ್ಲಿ ನಡೆಯುವುದೇ ಎಂದರು. ಅದಕ್ಕಿಂತ ಬಿಡಿಸಲು ಕಷ್ಟವಾದದ್ದು ವಲ್ಲಿ. ಡ್ರಿಲ್ಲಿಂಗ್ ಮಷೀನಿನ ಚಿಕ್ಕಗಂಗಣ್ಣ ಎಲ್ಲರ ಪರವಾಗಿ ಕೇಳಿದ:

“ಪಿಳ್ಳಪ್ಪಣ್ಣ, ಎಗಲ ಮ್ಯಾಲೆ ವಲ್ಲಿ ಇಲ್ದಿದ್ರೆ ಯಜಮಾನ್ರು ಬಂದಾಗ ಏನ್ ತಗ್ದು ಮರ್ವಾದೆ ಕೊಡಾದು? ಗೂಟ ನಿಂತಂಗೆ ನಿಂತ್ಕೊಳ್ಳಾನಾ?”

ಐದು ದಿನ ಹಾಗೇ ಕಳೆಯಿತು. ಇನ್ನೈದು ದಿನ ಉಳಿದಿತ್ತು.

ನಾನು ರಜೆ ಹಾಕಿ ಇನ್ಸ್‌ಪೆಕ್ಟರ ಕಚೇರಿಗೆ ಹೋದೆ. ಕಾನೂನಿನಲ್ಲಿ ಚಡ್ಡಿ ಎಂದು ಬರೆದಿದೆಯೇ ಎಂದು ಕೇಳಿದೆ. ಅವರು ಪುಸ್ತಕ ತೆಗೆದು ಓದಿ, ಇಲ್ಲ, ಮೈಗೆ ಬಿಗಿಯಾದ ಬಟ್ಟೆಯನ್ನು ಮಾಲೀಕರು ಕೊಡಬೇಕೆಂದಷ್ಟೇ ಇದೆ ಎಂದರು. ಇಷ್ಟು ದಿನ ಇದನ್ನು ಯಾರೂ ಕೇಳಿರಲೇ ಇಲ್ಲ. ಹಾಗಾದರೆ ಪಾದದವರೆಗೆ ಬರುವ, ಕಾಲ ಬಳಿ ಬಿಗಿಯಾದ ಪ್ಯಾಂಟು ಸಾಕು. ಗೇಟಿನ ಪಕ್ಕದ ಕೋಣೆಯಲ್ಲಿ ಬಂದಾಗ ಹಾಕಿ, ಹೋಗುವಾಗ ಬಿಚ್ಚಿದರೆ ಊರಿನವರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿಂದ ನೇರವಾಗಿ ದರ್ಜಿಯ ಹತ್ತಿರ ಹೋದೆ.

ವಲ್ಲಿಗೆ ಮಾತ್ರ ಯಜಮಾನರ ಬಳಿಗೇ ಹೋಗಬೇಕಿತ್ತು. ಮಾರನೆಯ ಬೆಳಿಗ್ಗೆ ಹೋದೆ. ಗೇಟಿನ ಬಳಿ ಗೂಟ ಹೊಡೆಯುತ್ತೇನೆ, ಕೆಲಸಗಾರರು ಅಲ್ಲಿ ವಲ್ಲಿ ಬಿಡಬೇಕಾದರೆ ನೀವೂ ಅಲ್ಲೇ ಶಲ್ಯ ಬಿಟ್ಟು ಒಳಗೆ ಬರಬೇಕು ಎಂದೆ. ಅವರು ಕನ್ನಡಕ ತೆಗೆದಿಟ್ಟರು.

“ನಾಲ್ಕನೇ ಕ್ಲಾಸ್ ಓದಿದೋನು ನನಗೆ ಬಟ್ಟೆ ಹೇಗೆ ಹಾಕ್ಕೋಬೇಕು ಅಂತ ಹೇಳ್ಕೊಡ್ತೀಯಾ?”

“ಓದಿರೋದು ಅಷ್ಟೇ ಸ್ವಾಮಿ. ಆದ್ರೆ ಅವತ್ತು ನಾನು ಅಲ್ಲಿದ್ದೆ. ಮುನಿಯಣ್ಣ ವಲ್ಲಿ ಎಳೆದಿದ್ದು ನಿಮ್ಮನ್ನ ನೋಡಿ. ನಿಮಗೆ ಮರ್ಯಾದೆ ಕೊಡೋಕೆ ಹೋಗಿ ಕೈ ಮುರ್ಕೊಂಡ. ಅದನ್ನ ಅಜಾಗರೂಕತೆ ಅಂತ ಬರೆದಿದ್ದೀರಿ.”

ಕೆಲಸ ಹೋಯಿತು ಎಂದುಕೊಂಡೇ ನಿಂತಿದ್ದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ಗುಮಾಸ್ತರನ್ನು ಕರೆದು, ಆ ಫಾರಮ್ಮಿಗೆ ತಿದ್ದುಪಡಿ ಬರೆದು ಕಳಿಸಿ ಎಂದರು. ನನ್ನ ಕಡೆ ತಿರುಗಿ, “ಗೂಟ ಎಲ್ಲಿ ಹೊಡೀತೀಯೋ ತೋರಿಸು ಬಾ,” ಅಂದರು.

ಹಲಸಿನ ಮರದ ನಲವತ್ತೆರಡು ಗೂಟಗಳನ್ನು ನಮ್ಮ ಲೇತಿನಲ್ಲೇ ತಿರುವಿ ಗೇಟಿನ ಒಳಗೋಡೆಗೆ ಸಾಲಾಗಿ ಬಡಿದೆ. ಪ್ರತಿಯೊಂದರ ಕೆಳಗೂ ಹೆಸರು. ಯಜಮಾನರದ್ದೂ ಅದೇ ಸಾಲಿನಲ್ಲಿ, ಅದೇ ಎತ್ತರದಲ್ಲಿ.

ಇಪ್ಪತ್ತೊಂಬತ್ತನೇ ದಿನ ಬೆಳಿಗ್ಗೆ ಎಲ್ಲರೂ ಗೇಟಿನ ಬಳಿ ಸೇರಿದ್ದರು, ಹೊಸ ಪ್ಯಾಂಟಿನಲ್ಲಿ, ಹೆಗಲ ಮೇಲೆ ವಲ್ಲಿ ಇಟ್ಟುಕೊಂಡೇ. ಯಜಮಾನರು ಬಂದರು. ಶಲ್ಯ ತೆಗೆದು ತಮ್ಮ ಗೂಟಕ್ಕೆ ಹಾಕಿ, “ನಾನು ಸುತ್ತು ಬಂದಾಗ ಯಾರ ಕೈಯೂ ಕೆಲಸ ಬಿಡಬಾರದು. ಇನ್ನು ಮೇಲೆ ನೀವು ನನಗೆ ಕೊಡೋ ಮರ್ಯಾದೆ ಅದು,” ಎಂದರು. ಆದರೂ ಯಾರೂ ಮುಂದೆ ಬರಲಿಲ್ಲ. ಅಷ್ಟರಲ್ಲಿ ಮುನಿಯಣ್ಣ ಗುಂಪಿನ ಹಿಂದಿನಿಂದ ಬಂದ. ಕೈಗೆ ಪಟ್ಟಿ ಕಟ್ಟಿ ಕೊರಳಿಗೆ ತೂಗುಹಾಕಿದ್ದರು. ಹೆಗಲ ಮೇಲೆ ಗರಿಗರಿಯಾದ ಹೊಸ ವಲ್ಲಿ.

“ನನ್ ಎಂಡ್ರು ಆರು ತಿಂಗ್ಳಿಂದ ಒಸಾ ವಲ್ಲಿ ತಕ್ಕೋ ಅಂತಿದ್ಲು. ನಾ ತಕ್ಕೊಳ್ಲಿಲ್ಲ. ಅಳೇದಾಗಿದ್ಕೆ ಅರ್ದೋಯ್ತು, ಇಲ್ಲಿ ನಿಂತಿವ್ನಿ. ಒಸಾದಾಗಿದ್ರೆ ಇಷ್ಟೊತ್ಗೆ ತಿಥಿ ಊಟ ಉಂಡಿರ್ತಿದ್ರಿ ಕಣ್ರಲಾ.”

ಎಡಗೈಯಲ್ಲಿ ವಲ್ಲಿ ತೆಗೆದು ತನ್ನ ಗೂಟಕ್ಕೆ ಹಾಕಿದ. ಚಿಕ್ಕಗಂಗಣ್ಣ ಎರಡನೆಯವನು. ಹತ್ತು ನಿಮಿಷದಲ್ಲಿ ಗೋಡೆ ತುಂಬಿತು.

ಮೂವತ್ತನೇ ದಿನ ಇನ್ಸ್‌ಪೆಕ್ಟರು ಬಂದು ಕಟಕಟೆಗಳನ್ನು ಅಲುಗಾಡಿಸಿ ನೋಡಿದರು. ಬಟ್ಟೆ ನೋಡಿದರು. ಮಾತಾಡುತ್ತಿದ್ದ ಹಾಗೇ, ಯಾರಿಗೂ ಹೇಳದೆ, ಒಂದು ಸಾಲಿನ ಮಧ್ಯದಲ್ಲಿ ಹಗ್ಗ ಜಗ್ಗಿದರು. ಗುಂಡು ಬಿತ್ತು, ಮೋಟಾರು ಸುಮ್ಮನಾಯಿತು, ಎಪ್ಪತ್ತು ಅಡಿಯ ಶಾಫ್ಟು ನಿಧಾನವಾಗಿ ನಿಂತಿತು. ಆಮೇಲೆ ಮತ್ತೆ ಚಾಲೂ ಮಾಡಿಸಿ, ಕೋಲಿನಿಂದ ಒಂದು ಬೆಲ್ಟನ್ನು ತಾವೇ ಜಾರಿಸಿ, ನನ್ನ ಮುಖ ನೋಡಿದರು. ನಲವತ್ತು ಜನರೂ ನೋಡಿದರು. ನಾನು ಹೋಗಿ ಹಗ್ಗ ಎಳೆದೆ. ಶಾಫ್ಟು ಪೂರ್ತಿ ನಿಲ್ಲುವವರೆಗೆ ಕೈಕಟ್ಟಿ ನಿಂತೆ. ಏಣಿ ಹತ್ತಿ ಬೆಲ್ಟು ಕೂರಿಸಿ ಇಳಿಯಲು ಮೂರು ನಿಮಿಷ ಹಿಡಿಯಿತು. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಬೆಲ್ಟು ಹಾಕಿದ್ದೇ ಇಲ್ಲ, ಅಷ್ಟು ಜನರ ಎದುರು ಹಾಕಿದ್ದೂ ಇಲ್ಲ.

“ಶಾಫ್ಟು ಓಡಲಿ,” ಎಂದರು ಇನ್ಸ್‌ಪೆಕ್ಟರು. ಸ್ವಿಚ್ಚನ್ನು ನಾನೇ ಹಾಕಿದೆ. ಅವತ್ತು ಹದಿನೆಂಟು ಯಂತ್ರಗಳೂ ಒಟ್ಟಿಗೆ ಎದ್ದು ಕೂಗಿದ ಸದ್ದನ್ನು ನಾನು ಈಗಲೂ ಎಣಿಸಿ ಹೇಳಬಲ್ಲೆ, ಯಾವುದು ಯಾವ ಯಂತ್ರದ್ದೆಂದು.

ಮುನಿಯಣ್ಣನ ಕೈ ಪೂರ್ತಿ ಮೇಲೇಳಲಿಲ್ಲ. ತಯಾರಾದ ಬೋಲ್ಟುಗಳ ಅಳತೆ ನೋಡುವ ಕೆಲಸ ಕೊಟ್ಟರು. ಅವನು ಅದರಲ್ಲೇ ವಯಸ್ಸು ಮುಗಿಸಿ ನಿವೃತ್ತನಾದ. ಅರವತ್ತರ ದಶಕದಲ್ಲಿ ಒಂದೊಂದೇ ಯಂತ್ರಕ್ಕೆ ಮೋಟಾರು ಬಂದು ಶಾಫ್ಟನ್ನು ಕೆಳಗಿಳಿಸಿದೆವು. ಅಲ್ಲಿಯವರೆಗೆ ಅದು ಇನ್ನೊಬ್ಬರ ಉಗುರನ್ನೂ ಮುಟ್ಟಲಿಲ್ಲ.

ಆ ಇನ್ಸ್‌ಪೆಕ್ಟರು ಆಮೇಲೆ ಯಶವಂತಪುರದ ಬೇರೆ ವರ್ಕ್‌ಷಾಪುಗಳಿಗೆ ಹೋಗುವಾಗ ನನ್ನನ್ನು ಕಳಿಸಿಕೊಡಿ ಎಂದು ಯಜಮಾನರನ್ನು ಕೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಓದಿದ ಸೂಪರ್‌ವೈಸರುಗಳ ಮುಂದೆ ನಿಂತು ಮಾತಾಡಿದ್ದೇನೆ. ಎಲ್ಲ ಕಡೆಯೂ ಗೋಡೆಯ ಮೇಲೆ ಎಚ್ಚರಿಕೆಯ ಬೋರ್ಡು ಇರುತ್ತಿತ್ತು, ಅದರ ಕೆಳಗೇ ಆ ನಿಯಮ ಮುರಿಯುವ ಕೆಲಸ ನಡೆಯುತ್ತಿತ್ತು. ಮೊದಲಾದರೆ ನಾನೂ ದಡ್ಡರು ಎಂದು ಬೈದು ಮುಂದೆ ಹೋಗುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದೇನೆಂದರೆ, ನಿಯಮ ಮುರಿಯುವ ಮನುಷ್ಯನಿಗೆ ಬಹಳ ಸಲ ಒಂದು ಒಳ್ಳೆಯ ಕಾರಣವೇ ಇರುತ್ತದೆ, ಆ ಕಾರಣಕ್ಕೆ ಬೇರೆ ದಾರಿ ಮಾಡಿಕೊಡದೆ ನಿಯಮ ನಿಲ್ಲುವುದಿಲ್ಲ. ಆದ್ದರಿಂದ ಹೊಸ ಜಾಗಕ್ಕೆ ಹೋದಾಗ ನಾನು ಯಂತ್ರದ ಹತ್ತಿರ ಹೋಗುತ್ತಿರಲಿಲ್ಲ. ಅದನ್ನು ನಡೆಸುವವನ ಪಕ್ಕ ಕೂತು, “ಯಾಕಣ್ಣ ಇಂಗ್ ಮಾಡ್ತೀಯ?” ಎಂದು ಕೇಳುತ್ತಿದ್ದೆ. ಅವನು ಹೇಳಿ ಮುಗಿಸುವವರೆಗೆ ಎದ್ದು ಬರುತ್ತಿರಲಿಲ್ಲ.