ಎರಡು ಕಂಪನಿಗಳ ನಡುವಿನ ಡಬ್ಬಿ

ಜಗೋರ್ಕಾ ನಮ್ಮ ನೀಶ್ ಊರಿನ ಎಲೆಕ್ಟ್ರಾನಿಕ್ಸ್ ಪರೀಕ್ಷಾಲಯದಲ್ಲಿ ಎಂಜಿನಿಯರ್ ಆಗಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ನಾನು ಅವಳ ಪಕ್ಕದ ಮನೆಯವಳು; ಬೆಳಗಿನ ಕಾಫಿ ನಮ್ಮಿಬ್ಬರಿಗೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು. ಅವಳ ಕಚೇರಿಯ ಸುದ್ದಿಯೆಲ್ಲ ಆ ಹೊತ್ತಿನಲ್ಲೇ ನನ್ನ ಕಿವಿಗೆ ಬೀಳುತ್ತಿತ್ತು.

ಅಲ್ಲಿ ಒಳ್ಳೆಯ ಆಕ್ಟಿವ್ ಪ್ರೋಬುಗಳಿದ್ದವಂತೆ, ಸರ್ಕ್ಯೂಟಿಗೆ ಮುಟ್ಟಿಸಿ ಸಿಗ್ನಲ್ ಹಿಡಿಯುವ ಕಡ್ಡಿಗಳು. ತುದಿಯಲ್ಲೇ ಪುಟ್ಟ ಆಂಪ್ಲಿಫಯರ್ ಇರುವುದರಿಂದ ಅವಕ್ಕೆ ಕರೆಂಟು ಬೇಕು. ಅದನ್ನು ಕೊಡುವುದು ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ, ಅದೇ ಕಂಪನಿಯ ಆಸಿಲೋಸ್ಕೋಪು ಮಾತ್ರ. ಅದು ಕೆಟ್ಟಿತು. ಟೆಂಡರಿನಲ್ಲಿ ಬೇರೆ ಕಂಪನಿಯದು ಬಂತು. ಸಾಕೆಟ್ಟು ಹೊಂದಲಿಲ್ಲ, ಪ್ರೋಬುಗಳು ಕಪಾಟು ಸೇರಿದವು.

"ಏನಾದ್ರೂ ಮಾಡು ಕೂಮಾ, ಬರಿಗೈಲಿ ಕೂತಿದೀನಿ" ಎಂದು ದುಂಬಾಲು ಬಿದ್ದವನು ಬ್ಲಾಗೋಯೆ. ಅವನು ಪಕ್ಕದ ಮೇಜಿನವನಷ್ಟೇ ಅಲ್ಲ, ಅವಳ ಕೂಮ: ಮದುವೆಗೆ ಸಾಕ್ಷಿ ನಿಂತವನು, ಮಗಳು ತಿಯಾನಾಗೆ ಜ್ಞಾನಸ್ನಾನ ಮಾಡಿಸಿದವನು. ನಮ್ಮಲ್ಲಿ ಆ ನಂಟು ಒಡಹುಟ್ಟಿದವರಿಗಿಂತ ಹತ್ತಿರ; ಇಬ್ಬರೂ ಒಬ್ಬರನ್ನೊಬ್ಬರು ಕೂಮ ಎಂದೇ ಕರೆಯುತ್ತಾರೆ.

ಜಗೋರ್ಕಾ ಒಂದು ಡಬ್ಬಿ ಮಾಡಿದಳು. ಅದು ಪ್ರೋಬಿಗೆ ಹೊರಗಿನಿಂದ ಕರೆಂಟು ಕೊಟ್ಟು, ಸಿಗ್ನಲ್ಲನ್ನು ಆಸಿಲೋಸ್ಕೋಪಾಗಲಿ, ಫ್ರೀಕ್ವೆನ್ಸಿ ಅಳೆಯುವ ಅನಲೈಸರಾಗಲಿ, ಯಾವ ಕಂಪನಿಯ ಯಂತ್ರಕ್ಕಾದರೂ ಮಾಮೂಲಿ ಕೇಬಲ್ಲಿನಲ್ಲಿ ಸಾಗಿಸುತ್ತಿತ್ತು. ಡಿಸಿ ವೋಲ್ಟೇಜ್ ದಾಟದಂತೆ ತಡೆಯುವ ಬೆರಳುದ್ದದ ಒಂದು ತುಂಡನ್ನೂ ಅದರ ಬಾಯಿಗೆ ತಿರುಗಿಸಿದ್ದಳು.

"ಅನಲೈಸರ್‌ಗೆ ಹಾಕುವಾಗ ಇದನ್ನ ಬಿಚ್ಚಬೇಡ ಬ್ಲಾಗೋಯೆ. ಡಿಸಿ ಒಳಗೆ ಹೋಯ್ತೋ, ಅದರ ಕಥೆ ಮುಗೀತು."

"ನನಗೇ ಪಾಠ ಹೇಳ್ತೀಯಾ? ನಿನ್ನ ಗಂಡನಿಗೆ ಹೇಳ್ಕೋ ಹೋಗು."

"ಅವನು ಹೇಳಿದ್ದು ಕೇಳ್ತಾನೆ. ನೀನು ಕೇಳಲ್ಲ, ಅದಕ್ಕೇ ಹೇಳಿದ್ದು."

ಡಬ್ಬಿ ಚೆನ್ನಾಗಿಯೇ ನಡೆಯಿತು. ನಿರ್ದೇಶಕರು ಬಂದ ಅತಿಥಿಗಳಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದರು.

ಮುಂದಿನ ಚಳಿಗಾಲ ತಾಯಿಗೆ ಹುಷಾರಿಲ್ಲವೆಂದು ಜಗೋರ್ಕಾ ಪಿರೋತ್‌ಗೆ ಹೋಗಿದ್ದಳು. ಬ್ಲಾಗೋಯೆ ಯಾವುದೋ ಪವರ್ ಸಪ್ಲೈನ ಕರೆಂಟಿನಲ್ಲಿ ಬೆರೆತ ಗದ್ದಲ ಅಳೆಯುತ್ತಿದ್ದ. ಆ ತುಂಡು ಅವನಿಗೆ ಬೇಕಾದ ಕೆಳಗಿನ ಫ್ರೀಕ್ವೆನ್ಸಿಯನ್ನೂ ತಡೆಯುತ್ತಿತ್ತು. ಸಹನೆ ಕೆಟ್ಟು ಬಿಚ್ಚಿ ಪಕ್ಕಕ್ಕಿಟ್ಟ. ಡಿಸಿ ನುಗ್ಗಿ ಹೊಸ ಅನಲೈಸರಿನ ಒಳಗು ಸುಟ್ಟುಹೋಯಿತು.

ಕಂಪನಿಯವನು ಬಂದು ಡಬ್ಬಿಯನ್ನು ನೋಡಿದವನೇ, "ನಮ್ಮದಲ್ಲದ್ದನ್ನ ಸಿಕ್ಕಿಸಿದ್ದೀರಿ, ವಾರಂಟಿ ಇಲ್ಲ" ಎಂದು ಹೊರಟುಹೋದ. ನಿರ್ದೇಶಕರು ಇಬ್ಬರನ್ನೂ ಕರೆಸಿದರು. ಡಿಸಿ ತಡೆಯುವ ತುಂಡು ಹಾಕಿಯೇ ಕೊಟ್ಟಿದ್ದೆ ಎಂದಳು ಜಗೋರ್ಕಾ.

"ಆ ತುಂಡು ಇತ್ತೇನಯ್ಯಾ?"

"ಇರಲಿಲ್ಲ ಸಾರ್" ಎಂದ ಬ್ಲಾಗೋಯೆ. "ನಾನಂತೂ ಯಾವತ್ತೂ ನೋಡಿಲ್ಲ."

"ಬ್ಲಾಗೋಯೆ, ನನ್ನ ಮುಖ ನೋಡಿ ಹೇಳು."

ಅವನು ನೋಡಲಿಲ್ಲ. ಅವಳು ಕೂಗಾಡಿದಳು, ಮೇಜು ಗುದ್ದಿದಳು. ಅದೂ ಅವಳಿಗೇ ಮುಳುವಾಯಿತು. ತುಂಡನ್ನು ಕಂಡಿದ್ದ, ಎಂದೋ ಅವಳ ಬಾಯಿಗೆ ಸಿಕ್ಕವರೆಲ್ಲ ಆ ದಿನ ಸುಮ್ಮನಿದ್ದು ಸೇಡು ತೀರಿಸಿಕೊಂಡರು. ಅವಳನ್ನು ಉಗ್ರಾಣಕ್ಕೆ ಹಾಕಿದರು.

ಬ್ಲಾಗೋಯೆ ವಿಭಾಗದ ಮುಖ್ಯಸ್ಥನಾದ. ಕೆಲವು ವರ್ಷಗಳಲ್ಲಿ ಅಂಥದೇ ಕೆಲಸ ಮಾಡುವ ಡಬ್ಬಿ ಪರದೇಶದಿಂದ ಬಂತು, ಅಚ್ಚುಕಟ್ಟಾದ ಪೆಟ್ಟಿಗೆಯಲ್ಲಿ, ಕಂಪನಿಯ ಮುದ್ರೆಯೊಂದಿಗೆ. ಅದನ್ನು ಉಗ್ರಾಣದಿಂದ ಅವನ ಕೈಗೆ ಎತ್ತಿಕೊಟ್ಟವಳು ಇವಳೇ.

"ತಗೊಳ್ಳಿ. ಇಲ್ಲಿ ಸಹಿ ಹಾಕಿ."

"ನನಗೇ 'ಹಾಕಿ' ಅಂತೀಯಾ ಕೂಮಾ?"

"ಮುಖ್ಯಸ್ಥರಿಗೆ ಇನ್ನೇನಂತ ಅನ್ಲಿ?"

ಆಮೇಲೆ ತಿಯಾನಾಳ ಮದುವೆ ಬಂತು. ಸಾಕ್ಷಿಗೆ ಅವನೇ ನಿಲ್ಲಬೇಕೆಂದು ಹುಡುಗಿ ಹಟ ಹಿಡಿದಳು.

"ಅವರು ನನ್ನ ಕೂಮ ಅಮ್ಮಾ. ಬೇರೆಯವರನ್ನ ನಿಲ್ಲಿಸಿದ್ರೆ ಗಂಡಿನ ಕಡೆಯವರು ಏನಂದ್ಕೋತಾರೆ? ಒಂದು ಮೆಷಿನ್ ಸುಟ್ಟಿದ್ದಕ್ಕೆ ಇಷ್ಟು ವರ್ಷ ಹಗೆಯಾ?"

ಮಗಳ ಬಾಯಲ್ಲಿ ಆ ಮಾತು ಕೇಳಿ ಜಗೋರ್ಕಾ ಅಡುಗೆಮನೆಯ ಒಲೆ ಆರಿಸಿದಳು. ನಾನು ಅಲ್ಲೇ ಇದ್ದೆ. "ಹೂಂ, ಕರಿ" ಎಂದಳು, ಅಷ್ಟೇ.

ಚರ್ಚಿನ ಬಾಗಿಲಲ್ಲಿ ಸಂಪ್ರದಾಯದಂತೆ ಇಬ್ಬರೂ ಮೂರು ಬಾರಿ ಕೆನ್ನೆಗೆ ಕೆನ್ನೆ ತಾಗಿಸಿದರು. ಅವನು ತಗ್ಗಿದ ದನಿಯಲ್ಲಿ, "ಆಗ ಕೆಲಸ ಹೋಗುತ್ತೇನೋ ಅಂತ ಹೆದರಿಬಿಟ್ಟಿದ್ದೆ" ಎಂದ.

"ಹೋಯ್ತಲ್ಲ, ನಂದು" ಎಂದು ಅವಳು ಪಕ್ಕದವರಿಗೆ ಮುತ್ತಿಕ್ಕಲು ತಿರುಗಿದಳು.

ಮರುವರ್ಷ ನಿವೃತ್ತಳಾದಳು. ಬೀಳ್ಕೊಡುಗೆ ಬೇಡವೆಂದಳು. ಮೊನ್ನೆ ನಮ್ಮ ರೇಡಿಯೋ ಕೆಟ್ಟಿತೆಂದು ಅವಳ ಮುಂದಿಟ್ಟೆ. ಅವಳು ಮುಟ್ಟಲೂ ಇಲ್ಲ.

"ಅಂಗಡಿಗೆ ಕೊಡೇ. ಕೆಟ್ಟರೆ ತಪ್ಪು ಅವರ ಮೇಲೆ ಹಾಕಬಹುದು."