ಜುಲ್ಮೀರಾ ಲಿಸ್ಬನ್ನಿನಲ್ಲಿ ಕೂತದ್ದು

ನಮ್ಮೂರ ಪಂಚಾಯಿತಿಗೆ ಚುನಾವಣೆ ಬಂತೆಂದರೆ ನಮಗೆ ಲಿಸ್ಬನ್ ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ, ಮತದಾನಕ್ಕೆ ಇನ್ನು ಎಂಟು ದಿನ ಇದೆ ಎನ್ನುವಾಗ, ಅಧ್ಯಕ್ಷ ಬೆಲರ್ಮಿನೊ ಅರವತ್ತೈದು ತುಂಬಿದವರನ್ನೆಲ್ಲ ಬಸ್ಸಿಗೆ ತುಂಬಿಕೊಂಡು ಹೋಗಿ, ರಾಜಧಾನಿ ತೋರಿಸಿ, ಅದೇ ದಿನ ವಾಪಸು ತಂದು ಅವರವರ ಬಾಗಿಲಿಗೆ ಬಿಡುತ್ತಾನೆ. ಉಳಿದ ಮೂರು ವರ್ಷ ಹನ್ನೊಂದು ತಿಂಗಳು ಅವನಿಗೆ ನಮ್ಮ ಹೆಸರೂ ನೆನಪಿರುವುದಿಲ್ಲ. ಆ ದಿನ ಮಾತ್ರ ಯಾರ ಮಂಡಿ ನೋವು ಎಡಗಡೆ, ಯಾರದು ಬಲಗಡೆ ಎಂಬುದೂ ಬಾಯಿಪಾಠ.

ಅವನು ಹಂಚುವ ಚೀಟಿಯಲ್ಲಿ ಅವನ ಫೋಟೊದ ಕೆಳಗೆ ದಪ್ಪ ಅಕ್ಷರದಲ್ಲಿ 'ಒಂದೇ ದಿನ, ಹದಿನಾಲ್ಕು ಸ್ಥಳ' ಎಂದಿರುತ್ತದೆ. ಸುಳ್ಳಲ್ಲ. ನದಿ ದಡದ ಗೋಪುರ: ಹತ್ತು ನಿಮಿಷ, ಹೊರಗಿನಿಂದ. ಮಠ: ಹತ್ತು ನಿಮಿಷ, ಅದೂ ಹೊರಗಿನಿಂದ. ದೊಡ್ಡ ಸೇತುವೆ: ಬಲಗಡೆ ಕಿಟಕಿಯವರಿಗೆ. ಊಟ, ಪೈನ್ ಮರಗಳ ಕೆಳಗೆ: ಎರಡೂವರೆ ಗಂಟೆ. ಊಟದ ಹೊತ್ತಿಗೆ ಕತ್ತರಿ ಹಾಕುವ ಧೈರ್ಯ ಯಾವ ಅಧ್ಯಕ್ಷನಿಗೂ ಇಲ್ಲ. ಹಿಂದಿನ ದಿನವೇ ಕರಿದಿಟ್ಟ ಬಕಲ್ಯಾವು ಮೀನಿನ ವಡೆ, ಕೋಳಿ, ಐದು ಲೀಟರಿನ ಬುರುಡೆಯಲ್ಲಿ ವೈನು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದವರು ಲಿಸ್ಬನ್ನಿನಲ್ಲಿ ಏನಾದರೂ ಕೊಂಡು ತಿಂದರೆ, ಬುತ್ತಿ ಕಟ್ಟಿದವಳ ಮುಖಕ್ಕೆ ಉಗುಳಿದ ಹಾಗೆ. ಊಟವಾದ ಮೇಲೆ ಒಂದೂವರೆ ಗಂಟೆ ಒಂದು ಹಾಲ್‌ನಲ್ಲಿ ಕೂಡಿಹಾಕಿ ಬೆನ್ನುನೋವು ಕಳೆಯುವ ಹಾಸಿಗೆ ಮಾರುತ್ತಾರೆ. ಬಸ್ಸಿನ ಅರ್ಧ ಬಾಡಿಗೆ ಆ ಹಾಸಿಗೆಯವನದು. ಚೀಟಿಯಲ್ಲಿ ಅದನ್ನೂ ಒಂದು ಸ್ಥಳ ಎಂದೇ ಲೆಕ್ಕ ಹಿಡಿದಿದೆ. ಕೊನೆಗೆ ರೊಸ್ಸಿಯು ಚೌಕದಲ್ಲಿ ಇಪ್ಪತ್ತು ನಿಮಿಷ 'ಸ್ವಂತ ಸಮಯ', ಅಂದರೆ ಶೌಚಾಲಯ.

ನಮ್ಮ ಜುಲ್ಮೀರಾಳಿಗೆ ಬೇಕಾಗಿದ್ದದ್ದು ಆ ಇಪ್ಪತ್ತು ನಿಮಿಷ ಮಾತ್ರ.

ಜುಲ್ಮೀರಾ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರಿಗೂ ಒಂದೇ ಗೋಡೆ. ಎಪ್ಪತ್ತೇಳು ವರ್ಷ, ಗಿಡ್ಡ ಆಳು, ಉದ್ದ ನಾಲಿಗೆ. ಹನ್ನೆರಡಕ್ಕೆ ಅವಳನ್ನು ಲಿಸ್ಬನ್ನಿಗೆ, ಮದಲೇನಾ ಬೀದಿಯ ಒಬ್ಬ ನೋಟರಿಯ ಮನೆಗೆ ಕೆಲಸಕ್ಕೆ ಕಳಿಸಿದರು. ಎಂಟು ವರ್ಷ ಇದ್ದಳು. ಅವಳು ಒರೆಸಿ ಮುಗಿಸುವವರೆಗೂ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿರುತ್ತಿದ್ದಳಂತೆ. "ರಾಜಧಾನೀಲಿ ಏನೇನ್ ನೋಡ್ದೆ?" ಎಂದರೆ, "ಅಡುಗೆಮನೆ, ಹಿಂದಿನ ಮೆಟ್ಲು, ಎದುರುಮನೆಯೋರ ಒಳಚಡ್ಡಿ" ಎನ್ನುತ್ತಾಳೆ. ಭಾನುವಾರ ಮಾತ್ರ ಯಜಮಾನಿಗೆ ಕೇಕು ತರಲು ರೊಸ್ಸಿಯು ಚೌಕದ ಕಾಫಿ ಅಂಗಡಿಗೆ ಹೋಗುತ್ತಿದ್ದಳು. ಕೆಲಸದ ಹುಡುಗಿಯರು ನಿಲ್ಲುವುದು ಪಕ್ಕದ ಬಾಗಿಲಲ್ಲಿ. ಅಲ್ಲಿಂದ ಕಾಣುತ್ತಿದ್ದವು ಹೊರಗೆ ಹಾಕಿದ ಮೇಜುಗಳು. ಟೋಪಿ ತೊಟ್ಟ ಹೆಂಗಸರು ಸುಮ್ಮನೆ ಕೂತಿರುವುದು. ಕಪ್ಪು ಕೋಟಿನ ಗಂಡಸು ಸೊಂಟ ಬಗ್ಗಿಸಿ ಕಾಫಿ ತಂದಿಡುವುದು.

ಆಮೇಲೆ ಊರಿಗೆ ಬಂದಳು, ಮದುವೆಯಾದಳು, ಐದು ಮಕ್ಕಳನ್ನು ಹೆತ್ತಳು. ಊರಿನ ಪ್ರತಿ ಸಾವಿಗೂ ಕಾಫಿ ಕಾಸಿದವಳು ಅವಳೇ. ಅವಳಿಗೆ ಯಾರೂ ಒಂದು ಲೋಟ ಕಾಸಿ ಕೊಟ್ಟದ್ದಿಲ್ಲ. ಗಂಡ ಮದುವೆಯಾದ ಮೇಲೆ ನಲವತ್ತು ವರ್ಷ ಬದುಕಿದ್ದ. ಲೋಟ ಯಾವ ಗೂಡಿನಲ್ಲಿದೆ ಎಂದು ತಿಳಿಯದೆಯೇ ಸತ್ತ.

ಬಸ್ಸಿನಲ್ಲಿ ನನ್ನ ಪಕ್ಕ ಕೂತವಳು ಹೇಳಿದಳು: "ಈ ಸಲ ಆ ಮೇಜಲ್ಲಿ ಕೂತೇ ಬರ್ತೀನಿ ಕಣೇ."

"ಊರಲ್ಲಿ ಕುರ್ಚಿ ಇಲ್ವಾ ನಿಂಗೆ?"

"ಇದೆ. ಕೂತ್ರೆ ಕಾಫಿ ತಾನಾಗೇ ನಡ್ಕೊಂಡ್ ಬರಲ್ಲ."

ಮೂರು ಸಲ ತಪ್ಪಿತ್ತು. ಮೊದಲ ಸಲ ಶೌಚಾಲಯದ ಸಾಲಿನಲ್ಲೇ ಇಪ್ಪತ್ತೂ ನಿಮಿಷ ಮುಗಿಯಿತು. ಎರಡನೆಯ ಸಲ ಮಳೆ, ಕುರ್ಚಿ ಒಳಗೆ. ಮೂರನೆಯ ಸಲ ಕುರ್ಚಿ ಸಿಕ್ಕಿತು, ಕಾಫಿಯವನು ಬರುವ ಮೊದಲೇ ಬೆಲರ್ಮಿನೊನ ಪೀಪಿ ಕೂಗಿತು.

"ಮುಂದಿನ ಚುನಾವಣೆಗೆ ನಂಗೆ ಎಂಬತ್ತೊಂದು," ಎಂದಳು. "ಮಂಡಿಗಳನ್ನ ಕೇಳ್ದೆ. ನಾವು ಬರಲ್ಲ, ನೀನು ಬೇಕಾದ್ರೆ ಹೋಗು ಅಂದ್ವು."

ಹೀಗಾಗಿ ಆ ದಿನ ಅವಳು ಊಟದಲ್ಲಿ ಒಂದು ಹನಿ ವೈನೂ ಮುಟ್ಟಲಿಲ್ಲ, ಶೌಚಾಲಯದ ತಾಪತ್ರಯ ಬೇಡವೆಂದು. ನಲವತ್ತು ವರ್ಷದಲ್ಲಿ ನಾನು ಕಂಡ ಅತಿ ದೊಡ್ಡ ತ್ಯಾಗ. ಚೌಕದಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಬಾಗಿಲಿಗೆ ಮೂಗು ಹಚ್ಚಿ ನಿಂತಿದ್ದಳು. ನನ್ನನ್ನೂ ಎಳೆದುಕೊಂಡು ಹೋಗಿ, ಬಿಸಿಲಿನಲ್ಲಿದ್ದ ಮೇಜಿಗೆ ಕೂತಳು.

ಕಾಫಿಯವನು ಇಪ್ಪತ್ತೈದರ ಒಬ್ಬ ತೆಳ್ಳನೆಯ ಹುಡುಗ. ಎಡಗಡೆಯ ಜರ್ಮನ್ ದಂಪತಿಗೆ ನಗೆ ಹಂಚಿದ. ಬಲಗಡೆಯ ಜಪಾನಿನವರ ಫೋಟೊ ತೆಗೆದುಕೊಟ್ಟ. ಅವರಿಗೂ ಲಿಸ್ಬನ್ ಒಂದೇ ದಿನ. ಆದರೆ ಅವರ ಒಂದು ದಿನಕ್ಕೂ ನಮ್ಮ ಒಂದು ದಿನಕ್ಕೂ ಬಹಳ ವ್ಯತ್ಯಾಸ. ನಮ್ಮ ಹಳ್ಳಿ ಮುದುಕಿಯರ ಕಪ್ಪು ಬಟ್ಟೆ, ಮಡಿಲಿನ ಬುತ್ತಿಚೀಲ ಕಂಡು, ಹೂ ಮಾರಲು ಬಂದವರು ಕಾಲು ನೋವಿಗೆ ಕೂತಿದ್ದಾರೆ ಎಂದುಕೊಂಡನೋ ಏನೋ. ಹದಿಮೂರನೆಯ ನಿಮಿಷಕ್ಕೆ ಬಂದು ಒಂದು ದಪ್ಪ ತಿಂಡಿಪಟ್ಟಿ ಇಟ್ಟು ಇಂಗ್ಲಿಷಿನಲ್ಲಿ ಏನೋ ಕೇಳಿದ.

"ಪುಸ್ತಕ ನೀನೇ ಇಟ್ಕೋ ಮಗಾ," ಎಂದಳು ಜುಲ್ಮೀರಾ ನಮ್ಮ ಭಾಷೆಯಲ್ಲೇ. "ನಂಗೆ ಓದಕ್ಕೆ ಬರಲ್ಲ, ಕುಡಿಯಕ್ಕೆ ಬರತ್ತೆ. ಒಂದು ಕಾಫಿ. ನೀನೇ ತಂದಿಡ್ಬೇಕು."

"ಮತ್ತ್ಯಾರು ತರ್ತಾರೆ ಅಜ್ಜಿ?"

"ಅದನ್ನೇ ಅರವತ್ತು ವರ್ಷದಿಂದ ಕೇಳ್ತಿದೀನಿ."

ಅವನು ಒಳಗೆ ಹೋದ. ಹೋದವನು ಹೋದ. ಅಷ್ಟರಲ್ಲಿ ಪೀಪಿ. ನಮ್ಮವರೆಲ್ಲ ಶಾಲೆಯ ಮಕ್ಕಳ ಹಾಗೆ ಬಸ್ಸಿನತ್ತ ಓಡಿದರು. ನಾನೂ ಅರ್ಧ ಎದ್ದೆ. ಜುಲ್ಮೀರಾ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಅಲ್ಲಾಡದೆ ಕೂತಳು. ತಲೆ ಎಣಿಸಿ ಎರಡು ಕಡಿಮೆ ಎಂದು ಗೊತ್ತಾಗಿ, ಬೆಲರ್ಮಿನೊ ಕೈಯಲ್ಲಿ ಕಾಗದದ ಬಾವುಟ ಹಿಡಿದು ಏದುಸಿರು ಬಿಡುತ್ತಾ ಬಂದ.

"ಏನಮ್ಮ ಇದು! ಬಸ್ ಹೊರಡ್ತಿದೆ!"

"ಹೊರಡ್ಲಿ."

"ನಿನ್ನ ಬಿಟ್ಟು ಹೋಗ್ತೀನಿ ನೋಡು!"

"ಹೋಗಪ್ಪ. ನಮ್ಮನೇಲಿ ಹನ್ನೊಂದು ವೋಟು. ಅಳಿಯಂದಿರನ್ನ ಸೇರಿಸಿದ್ರೆ ಹದಿಮೂರು. ಹೋದ ಸಲ ನೀನು ಎಷ್ಟರಲ್ಲಿ ಗೆದ್ದೆ?"

ಅವನು ಹೋದ ಸಲ ಗೆದ್ದದ್ದು ಒಂಬತ್ತರಲ್ಲಿ. ಬಾವುಟ ಮಡಿಸಿ ಜೇಬಿಗಿಟ್ಟ. ಮುಖದ ಮೇಲೆ ಆ ಫೋಟೊದ ನಗೆಯನ್ನೇ ತಂದುಕೊಂಡು, "ನಿಧಾನವಾಗಿ ಕುಡಿಯಮ್ಮ, ಅವಸರ ಯಾರಿಗಿದೆ?" ಎಂದು ಮೂರನೆಯ ಕುರ್ಚಿಗೆ ಕೂತ.

ಕಾಫಿ ಬಂತು. ಹುಡುಗ ಕಪ್ಪನ್ನು ಇಟ್ಟ, ಚಮಚ ಇಟ್ಟ, ಸಕ್ಕರೆ ಪೊಟ್ಟಣ ಇಟ್ಟ. ಸೊಂಟ ಬಗ್ಗಿತೋ ಇಲ್ಲವೋ ಎಂದು ಜುಲ್ಮೀರಾ ತಲೆ ಓರೆ ಮಾಡಿ ನೋಡಿದಳು. ಸ್ವಲ್ಪ ಬಗ್ಗಿತು. ಒಂದು ಗುಟುಕು ಹೀರಿದಳು. ನಾವಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದೆವು.

"ಹೇಗಿದೆ?" ಎಂದೆ.

"ಹೊಳೆ ನೀರು. ಇದಕ್ಕಿಂತ ನಾನು ಹೆಣದ ಮನೇಲಿ ಕಾಸೋದೇ ವಾಸಿ."

"ಹಾಗಾದ್ರೆ ಏಳೋಣ್ವಾ?" ಎಂದ ಬೆಲರ್ಮಿನೊ, ಆಸೆಯಿಂದ.

"ಇನ್ನೊಂದು ಹೇಳು," ಎಂದಳು.

ಹೇಳಿದ. ಅದನ್ನೂ ಕುಡಿದಳು, ಚಮಚ ಆಡಿಸುತ್ತಾ, ಟೋಪಿ ಇಲ್ಲದ ತಲೆಯನ್ನು ಟೋಪಿ ಇದ್ದವರ ಹಾಗೆ ಎತ್ತಿಕೊಂಡು. ದೂರದಲ್ಲಿ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಕಿಟಕಿಗಳಿಂದ ಇಪ್ಪತ್ತೊಂಬತ್ತು ಮುಖಗಳು ಬೈಯುತ್ತಿದ್ದವು. ದುಡ್ಡು ಅಧ್ಯಕ್ಷನೇ ಕೊಟ್ಟ. ಕೊಡದೆ ಏನು ಮಾಡುತ್ತಾನೆ?

ಏಳುವ ಮುನ್ನ ಜುಲ್ಮೀರಾ ಉಳಿದ ಸಕ್ಕರೆ ಪೊಟ್ಟಣ ಹರಿದು, ಹೊಲಕ್ಕೆ ಬೀಜ ಎರಚುವವಳ ಹಾಗೆ ಮೇಜಿನ ತುಂಬ ಚೆಲ್ಲಿದಳು. ತಳದ ಕಾಫಿಯನ್ನೂ ಅದರ ಮೇಲೆ ಸುರಿದಳು.

"ಏನೇ ಮಾಡ್ತಿದೀಯ ಪಾಪಿ!" ಎಂದೆ ನಾನು.

ಅವಳು ನಾಲ್ಕು ಹೆಜ್ಜೆ ಹೋಗಿ ನಿಂತು, ಹಿಂದಕ್ಕೆ ತಿರುಗಿದಳು. ಬೆಲರ್ಮಿನೊ ತೋಳು ಹಿಡಿದು ಎಳೆದರೂ ಕದಲಲಿಲ್ಲ. ಹುಡುಗ ಬಂದ. ಮೇಜು ನೋಡಿ ಬಾಯೊಳಗೇ ಏನೋ ಶಪಿಸಿದ. ಹೆಗಲ ಬಟ್ಟೆ ತೆಗೆದು ಒರೆಸತೊಡಗಿದ. ಅವನು ಒರೆಸಿ ಮುಗಿಸುವವರೆಗೂ ಜುಲ್ಮೀರಾ ಸೊಂಟದ ಮೇಲೆ ಕೈಯಿಟ್ಟು ಕಣ್ಣು ಮಿಟುಕಿಸದೆ ನೋಡಿದಳು.

"ನೋಡ್ದೇನೇ," ಎಂದಳು ನನಗೆ, ಬಸ್ಸಿನತ್ತ ಹೊರಡುತ್ತಾ. "ಆ ಮೂಲೆ ಬಿಟ್ಟ, ಸೋಮಾರಿ."