ಚಿಂಚಲಿಯಾಕಿಯ ಉಡಿಯ ಜೋಳ

ದೊಡ್ಡಾಕಿ, ಸಣ್ಣಾಂವ, ಇದು ನನ್ನ ಮೊಮ್ಮಕ್ಕಳಾದ ನಿಮ್ಮಿಬ್ಬರಿಗೆ. ನಾಗರ ಪಂಚಮಿಗೆ ನಾನೇಕೆ ತವರೂರು ಅಥಣಿಗೆ ಹೋಗುವುದಿಲ್ಲ ಎಂದು ನೀವು ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಸಂಕೋಚ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಿಮ್ಮ ಅಜ್ಜ ಇನ್ನೂ ಇದ್ದರು. ನಾನು ಸೊಸೆಯಾಗಿ ಬಂದ ಉಗಾರ ಬುದ್ರುಕದಲ್ಲಿ ಎಲ್ಲರ ಹೊಲವೂ ಕಬ್ಬು; ಜೋಳ ಉಣ್ಣುವಷ್ಟು ಮಾತ್ರ. ನನ್ನ ತಮ್ಮ ಚಿಕ್ಕೋಡಿಯಲ್ಲಿ ಗಣಿತ ಕಲಿಸುತ್ತಿದ್ದ. ಬೇಟೆಯಾಡಿ, ಗೆಡ್ಡೆ ಅಗೆದು ತಿನ್ನುತ್ತಿದ್ದ ಆದಿಕಾಲದ ಜನರಲ್ಲಿ ಬೇಸಾಯ ಹೇಗೆ ಹಬ್ಬಿತು ಎಂಬುದನ್ನು ಲೆಕ್ಕದಲ್ಲಿ ಕಟ್ಟುವ ಹುಚ್ಚು ಅವನಿಗೆ. ರಜೆಗೆ ಬಂದಾಗ ನಮ್ಮ ಪಡಸಾಲೆಯಲ್ಲಿ ಸುಣ್ಣದಿಂದ ಚೌಕಗಳನ್ನು ಗೀಚಿ ಶೇಂಗಾ ಇಡುತ್ತಿದ್ದ. ಒಂದು ಚೌಕ ತುಂಬಿದರೆ ಕಾಳು ಪಕ್ಕದ್ದಕ್ಕೆ ಹೋಗಬೇಕು.

"ಅಕ್ಕಾ, ಜನಾನಽ ಹೊಸ ಭೂಮಿಗೆ ಹೋದ್ರೋ, ಇಲ್ಲಾ ಬೀಜ ಅಷ್ಟ ಕೈಯಿಂದ ಕೈಗೆ ಹೋತೋ? ಎರಡಕ್ಕೂ ಬ್ಯಾರೆ ಬ್ಯಾರೆ ವೇಗ ಬರ್ತೈತಿ."

"ಹೆಣ್ಮಕ್ಕಳನ್ನ ಎಲ್ಲಿ ಬಿಟ್ಟೆಪಾ? ಉಡಿಯಾಗ ಕಾಳು ಕಟ್ಕೊಂಡು ಊರೂರಿಗೆ ಹೋಗೂದು ನಾವಽ ಅಲ್ಲೇನು?" ಎಂದೆ ನಗುತ್ತ.

ಅವನ ಕಣ್ಣರಳಿತು. ಓಣಿಯ ಸೊಸೆಯಂದಿರು ಯಾವ ಊರಿಂದ ಯಾವ ಬೀಜ ತಂದರು ಎಂದು ವಿಚಾರಿಸಿಕೊಡು ಎಂದ. "ಯಾರ ಹೆಸರೂ ಹೇಳಂಗಿಲ್ಲ, ನಿನ್ನ ಆಣಿ."

ನಮ್ಮಲ್ಲಿ ಸೊಸೆಯನ್ನು ಅವಳ ತವರೂರಿನಿಂದಲೇ ಕರೆಯುವುದು. ಪಕ್ಕದ ಮನೆಯಾಕೆ ಇಡೀ ಊರಿಗೆ ಚಿಂಚಲಿಯಾಕಿ. ಬೀಜದ ಜೋಳ ಹೊಸ್ತಿಲು ದಾಟಬಾರದು ಎಂಬುದು ಅವಳ ತವರಿನ ಕಟ್ಟಳೆ. ನನ್ನನ್ನು ಅತ್ತಿಗೆಯಂತೆ ವೈನಿ ಎಂದೇ ಕರೆಯುತ್ತಿದ್ದ ಅವಳು ಒಂದು ಮಧ್ಯಾಹ್ನ ಶಾವಿಗೆ ಹೊಸೆಯುತ್ತ ಕಿವಿಯ ಹತ್ತಿರ ಬಂದಳು. "ವೈನಿ, ನಾ ಮದಿವ್ಯಾಗಿ ಬರುಮುಂದ ಉಡಿಯಕ್ಕಿ ಕೆಳಗ ಬೀಜದ ಜ್ವಾಳ ಮುಚ್ಚಿಟ್ಕೊಂಡು ಬಂದೆ. ಇಲಿ ತಿಂದಾವಂತ ನಮ್ಮಣ್ಣ ಬೆಕ್ಕು ತಂದು ಸಾಕಿದ!" ಎಂದು ಬಿದ್ದು ಬಿದ್ದು ನಕ್ಕಳು.

ಅವನ ಆಣೆಯನ್ನು ನಂಬಿ ತಮ್ಮನಿಗೆ ಹೇಳಿದೆ. "ನಿನ್ನ ಲೆಕ್ಕಕ್ಕಷ್ಟ" ಎಂದೆ.

ಶ್ರಾವಣಕ್ಕೆ ಮುಂಚೆ ನಮ್ಮೂರ ಶಾಲೆಯಲ್ಲಿ ಅವನ ಭಾಷಣವಾಯಿತು. ತಂಗಿಯನ್ನು ನೋಡಲು ಬಂದಿದ್ದ ಚಿಂಚಲಿಯಾಕಿಯ ಅಣ್ಣನೂ ಗಂಡಸರ ಸಾಲಿನಲ್ಲಿ ಕೂತಿದ್ದ. ಜನ ಆಕಳಿಸುವುದನ್ನು ಕಂಡ ತಮ್ಮ, "ಇದಽ ಊರಾಗ ಚಿಂಚಲಿಂದ ಬಂದ ಸೊಸಿ ಒಬ್ಬಾಕಿ..." ಎಂದು ಮಾತು ತೆಗೆದವನು ಬೆಕ್ಕಿನವರೆಗೂ ಹೇಳಿ ಮುಗಿಸಿದ. ಸಭೆಯೇ ಹಿಂತಿರುಗಿ ಹೆಂಗಸರ ಸಾಲಿನಲ್ಲಿದ್ದ ಅವಳನ್ನು ನೋಡಿ ನಕ್ಕಿತು.

"ಇಲಿ ಇವತ್ತ ಸಿಕ್ತು ಬಿಡ್ರಿ," ಎಂದು ಅವಳ ಅಣ್ಣ ಎದ್ದು ಹೋದ. ನನ್ನ ಪಕ್ಕದಲ್ಲಿ ಕೂತಿದ್ದ ಅವಳು ಸೆರಗು ಎಳೆದುಕೊಂಡು ಸರಿದು ಕೂತಳು.

"ಹೆಸರು ಹೇಳೇನೇನು ಅಕ್ಕಾ?" ಎಂದ ತಮ್ಮ ಆಮೇಲೆ. "ಲೆಕ್ಕಕ್ಕ ಊರು ಬೇಕಲ್ಲ, ಎಷ್ಟು ದೂರ ಅಂತ ತಿಳಿಯಾಕ."

"ಊರಽ ಆಕಿ ಹೆಸರಲೇ! ನೀನೂ ಹಂಗಽ ಕರೀತಿದ್ದಿ."

ಆ ಪಂಚಮಿಗೆ ಚಿಂಚಲಿಯಿಂದ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಸಂಜೆಯವರೆಗೂ ಬಾಗಿಲಲ್ಲೇ ನಿಂತಿದ್ದಳು. ನನ್ನ ತಮ್ಮ ಮಾತ್ರ ಸೀರೆ ಹಿಡಿದು ಬಂದ. ಅವಳ ಕಣ್ಣೆದುರೇ ಅವನ ಹಿಂದೆ ನಡೆದುಹೋಗಲು ಕಾಲು ಬರಲಿಲ್ಲ. "ನಾ ಬರಂಗಿಲ್ಲಪಾ" ಎಂದೆ. ಆಮೇಲೂ ಹೋಗಲಿಲ್ಲ. ನಾನೂ ಅವಳಿಗೆ ಮತ್ತೆ ವೈನಿಯಾಗಲಿಲ್ಲ, ಬರೀ ಅಥಣಿಯಾಕಿ.

ತಮ್ಮ ಕಟ್ಟೆಯ ಮೇಲಿಟ್ಟು ಹೋದ ಸೀರೆ ಪೆಟ್ಟಿಗೆಯಲ್ಲಿದೆ, ಉಟ್ಟಿಲ್ಲ. ಇದನ್ನು ಯಾರನ್ನೋ ನಗಿಸಲು ಓದಿ ಹೇಳಬೇಡಿ. ಹಾಳೆಗಳನ್ನು ಆ ಸೀರೆಯ ಮಡಿಕೆಯೊಳಗೆ ಜೋಪಾನವಾಗಿಡಿ.